ಬದುಕಿರುವವರೆಗೆ ಅರ್ಧ

ವಿಚ್ಛೇದನವಾದ ಮೇಲಾದರೂ ಒಂದು ತುಂಡು ಮಾಂಸವನ್ನು ನೆಮ್ಮದಿಯಾಗಿ ಸುಟ್ಟುಕೊಂಡು ತಿನ್ನಬಹುದು ಎಂದುಕೊಂಡದ್ದೇ ಎವಾರಿಸ್ತೊ ಮಾಡಿದ ತಪ್ಪು. ಸಾಲ್ಟೊ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿ ನಿವೃತ್ತನಾದವನು. ಅವನು ಬದುಕಿರುವವರೆಗೆ ಪಿಂಚಣಿಯಲ್ಲಿ ಅರ್ಧ ಮಾಜಿ ಹೆಂಡತಿ ಸುಲ್ಮಾಳಿಗೆ ಸೇರಬೇಕೆಂದು ನ್ಯಾಯಾಧೀಶರು ಬರೆದಿದ್ದರು. ಆ 'ಬದುಕಿರುವವರೆಗೆ' ಎಂಬುದನ್ನು ಸುಲ್ಮಾ ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಅವನು ಹಿತ್ತಲಲ್ಲಿ ಸೌದೆ ಹೊತ್ತಿಸಿದ್ದೇ ತಡ, ಪಕ್ಕದ ಮನೆಯ ದೆಲ್ಮಿರಾ ಹೊಗೆ ಮೂಸಿ ಫೋನ್ ಮಾಡಿದಳು. ಹತ್ತೇ ನಿಮಿಷದಲ್ಲಿ ಸುಲ್ಮಾ ಉಪ್ಪಿಲ್ಲದ ಕುಂಬಳಕಾಯಿ ಸೂಪಿನ ಪಾತ್ರೆ ಹಿಡಿದು ಹಾಜರು.

“ಆರಿಸು ಅದನ್ನ! ನಿನ್ನ ಬಿಪಿ ಎಷ್ಟಿದೆ ಗೊತ್ತಾ?”

“ನಮಗೆ ಡೈವೋರ್ಸ್ ಆಗಿದೆ ಕಣೇ!”

“ನಿನಗೆ ಆಗಿದೆ, ನಿನ್ನ ಪಿಂಚಣಿಗೆ ಆಗಿಲ್ಲ. ನೀನು ಸತ್ರೆ ನನ್ನ ಕರೆಂಟ್ ಬಿಲ್ ಯಾರು ಕಟ್ತಾರೆ?”

“ಸಿಗರೇಟೂ ಸೇದ್ತಾನೆ, ಜೇಬು ನೋಡು!” ಎಂದು ದೆಲ್ಮಿರಾ ಗೋಡೆಯಾಚೆಯಿಂದ ಕೈಲಾದ ಸಹಾಯ ಮಾಡಿದಳು.

ಸಿಗರೇಟು ಬೆಂಕಿಗೆ ಬಿತ್ತು. ಕೊನೆಯ ಚಮಚ ಸೂಪು ಅವನ ಗಂಟಲಿಳಿಯುವವರೆಗೆ ಸುಲ್ಮಾ ಕದಲಲಿಲ್ಲ. ಸಂಸಾರ ಮಾಡುವಾಗಲೂ ಇಷ್ಟು ನೋಡಿಕೊಂಡಿರಲಿಲ್ಲ. ಪಾಪ, ಅವನಿಗೆ ಅಳುವೇ ಬಂತು.

ಸೀದಾ ವಕೀಲ ಬರ್ರೆತೊ ಹತ್ತಿರ ಹೋದ. “ವಕೀಲ್ರೇ, ಬೇಕಾದ್ರೆ ಮುಕ್ಕಾಲು ಪಿಂಚಣಿ ತಗೊಳ್ಲಿ. ನನ್ನನ್ನ ನನ್ನ ಪಾಡಿಗೆ ಬಿಟ್ರೆ ಸಾಕು.”

“ಅದು ಪ್ರೀತಿ ಅಲ್ಲಯ್ಯ, ಭಯ,” ಬರ್ರೆತೊ ನಕ್ಕ. “ನೀನು ಹೋದ್ರೆ ಅವಳ ಅರ್ಧವೂ ಹೋಗುತ್ತೆ. ನಿನ್ನ ನಂತರ ಪೂರ್ತಿ ಪಿಂಚಣಿ ಅವಳಿಗೇ ಅಂತ ಬರೆದುಕೊಡು. ಆಮೇಲೆ ನೀನು ಏನು ತಿಂದ್ರೂ ತಲೆ ಹಾಕಲ್ಲ.”

ಮಧ್ಯಾಹ್ನದೊಳಗೆ ಕಾಗದ ತಯಾರಾಯಿತು. ಸುಲ್ಮಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಕೂಡಲೇ ಸಹಿ ಹಾಕಿದಳು. ಗಂಡನ ಮಾತಿಗೆ ಅವಳು ಒಪ್ಪಿದ್ದು ಅದೇ ಮೊದಲು. ಎವಾರಿಸ್ತೊ ಖುಷಿಯಲ್ಲಿ ವಕೀಲನನ್ನು ತಬ್ಬಿಕೊಂಡ.

ಸಂಜೆ ಪಕ್ಕೆಲುಬಿನ ಮಾಂಸ ಕೆಂಡದ ಮೇಲೇರಿತು. ದೆಲ್ಮಿರಾ ಅಭ್ಯಾಸಬಲದಿಂದ ಫೋನ್ ಮಾಡಿದಳು. ಸುಲ್ಮಾ ಬಂದೇ ಬಂದಳು. ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು “ಉಪ್ಪು ಸಾಲದು” ಎಂದು ಒಂದು ಹಿಡಿ ಉದುರಿಸಿದಳು. ಆಮೇಲೆ ಚೀಲದಿಂದ ಹೊಸ ಸಿಗರೇಟು ಪ್ಯಾಕೊಂದನ್ನು ತೆಗೆದು ಅವನ ಮುಂದಿಟ್ಟಳು. ಎವಾರಿಸ್ತೊಗೆ ಯಾಕೋ ಹಸಿವು ಇಂಗಿಹೋಯಿತು.

“ತಿಂದ್ಬಿಟ್ಟು ನಮ್ಮನೆ ಕಡೆ ಬಾ,” ಅವಳ ದನಿಯಲ್ಲಿ ಜೇನು ಸುರಿಯುತ್ತಿತ್ತು. “ಮೇಲಿನ ತಗಡು ಗಾಳಿಗೆ ಎದ್ದಿದೆ. ಹತ್ತಿ ನಾಲ್ಕು ಮೊಳೆ ಹೊಡೆದುಕೊಡು.”

“ಬಿಪಿ ಇದೆ... ತಲೆ ಸುತ್ತುತ್ತೆ ಕಣೇ.”

“ಕಲ್ಲುಗುಂಡಿನ ಹಾಗಿದ್ದೀಯ, ನಿನಗೇನಾಗಿದೆ! ಹೆದರ್ಬೇಡ,” ಎಂದು ಸುಲ್ಮಾ ಅವನ ಬೆನ್ನು ಸವರಿದಳು. “ಏಣಿ ನಾನೇ ಹಿಡ್ಕೋತೀನಿ.”