ಡೀಲರ್ ಅಕ್ಕನ ಮೇಜಿನಲ್ಲಿ ಹುಬ್ಬಳ್ಳಿ ಅಂಕಲ್

ಇಸ್ಪೀಟ್ ಎಲೆ ಎಣಿಸುವವನು ಎಲೆ ಹಂಚುವ ಡೀಲರ್ ಜೊತೆ ನೆಂಟಸ್ತನ ಬೆಳೆಸಬಾರದು. ಇದು ನನಗೆ ಗೊತ್ತಿತ್ತು. ನನ್ನ ಜೊತೆ ಬರುತ್ತಿದ್ದ ಅಂಕಲ್ ತಲೆಗೆ ಮಾತ್ರ ಎಷ್ಟು ಹೇಳಿದರೂ ಹೋಗಲಿಲ್ಲ. ಹಾಗಾಗಿ ಹೋದಾಗಲೆಲ್ಲ ಒಂದಲ್ಲ ಒಂದು ರಾಮಾಯಣ.

೨೦೧೪ರ ಸುಮಾರಿನ ಮಾತು. ನಾನು ಅಮೆರಿಕದ ಫ್ರಿಸ್ಕೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಟೆಕ್ಸಾಸ್‌ನಲ್ಲಿ ಕ್ಯಾಸಿನೋ ಆಟಕ್ಕೆ ದಾರಿಯಿಲ್ಲದ್ದರಿಂದ ಶನಿವಾರ ಬೆಳಿಗ್ಗೆ ಗಡಿ ದಾಟಿ ಓಕ್ಲಹೋಮಾಕ್ಕೆ ಡ್ರೈವ್ ಮಾಡಬೇಕಿತ್ತು. ಬ್ಲ್ಯಾಕ್‌ಜಾಕ್ ಆಟದಲ್ಲಿ ಹೋದ ಎಲೆಗಳ ಲೆಕ್ಕವನ್ನು ತಲೆಯಲ್ಲಿ ಇಟ್ಟರೆ, ದೊಡ್ಡ ಎಲೆಗಳು ಬರುವ ಹೊತ್ತು ತಿಳಿಯುತ್ತದೆ; ಆಗ ಹೆಚ್ಚು ದುಡ್ಡು ಕಟ್ಟಿ ಗೆಲ್ಲಬಹುದು. ಇದು ಅಪರಾಧವೇನಲ್ಲ, ಆದರೆ ಗೊತ್ತಾದರೆ ಎಬ್ಬಿಸಿ ಕಳಿಸುತ್ತಾರೆ. ಇಡೀ ಚಳಿಗಾಲ ಕೂತು ಕಲಿತ ವಿದ್ಯೆ ಮಣ್ಣುಪಾಲಾಗುತ್ತದಲ್ಲ ಎಂಬುದೊಂದೇ ನನ್ನ ಭಯ.

ಹೆಂಡತಿಯ ಷರತ್ತು ಒಂದೇ: “ಹುಬ್ಬಳ್ಳಿ ಅಂಕಲ್ ಜೊತೆಗಿದ್ರೆ ಹೋಗಿ, ಒಬ್ರೇ ಬೇಡ.” ಅಂಕಲ್ ಅಂದರೆ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಕಿರಾಣಿ ಅಂಗಡಿ ಇಟ್ಟವರು, ಊರಿಗೆಲ್ಲ ಬೇಕಾದವರು.

೧. ಕೈಗೇ ಕೊಡಬೇಕು

ಕ್ಯಾಸಿನೋದಲ್ಲಿ ಡೀಲರ್ ಕೈಗೆ ದುಡ್ಡು ಕೊಡುವಂತಿಲ್ಲ, ಮೇಜಿನ ಮೇಲಿಡಬೇಕು. ಅಂಕಲ್ ಬಲಗೈ ಚಾಚಿಕೊಂಡೇ ಕೂತರು. ಡೀಲರ್ ಹೆಂಗಸು ಎರಡೂ ಕೈ ಹಿಂದಕ್ಕೆಳೆದುಕೊಂಡಳು.

“ಮೇಜಿನ ಮೇಲಿಡಿ ಅಂಕಲ್!” ಎಂದೆ.

“ಹೆಣ್ಮಗಳ ಮುಂದ ರೊಕ್ಕ ಒಗದಂಗ ಮಾಡೂದೇನ್ ತಮ್ಮಾ? ಛಲೋ ಕಾಣಂಗಿಲ್ಲ.”

ಕೊನೆಗೂ ಇಟ್ಟರು, ಆಡಿದರು, ಗೆದ್ದರು. ಗೆದ್ದ ದುಡ್ಡಿನ ಬದಲು ಅವಳು ಸರಿಸಿದ ಬಿಲ್ಲೆಗಳನ್ನು ಎತ್ತಿ ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡರು. ಮೇಲೆ ಕ್ಯಾಮೆರಾ ನೋಡುತ್ತಿದ್ದವರಿಗೆ ಕನ್ನಡಕದಲ್ಲೇನೋ ಮೋಸವಿದೆ ಅನ್ನಿಸಿತೋ ಏನೋ, ಮ್ಯಾನೇಜರ್ ಓಡಿಬಂದು ಅಂಕಲ್ ಕನ್ನಡಕ ಬಿಚ್ಚಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಆ ಗಲಾಟೆಯಲ್ಲಿ ನನ್ನ ಲೆಕ್ಕ ತಪ್ಪಿಹೋಯಿತು. ಅಂಕಲ್ ಮಾತ್ರ ಖುಷಿಯಾಗಿದ್ದರು: “ಎಷ್ಟ್ ಛಲೋ ಮಂದಿ ನೋಡು, ಚಸ್ಮಾ ಒರಿಸಿ ಕೊಟ್ರು.”

೨. ಅಕ್ಕ ಎದ್ದರೆ ನಾವೂ

ಡೀಲರುಗಳು ಆಗಾಗ ಬದಲಾಗುತ್ತಾರೆ. ಎಣಿಸುವವನಿಗೆ ಅದರ ಗೊಡವೆಯಿಲ್ಲ, ಎಲೆ ಮುಖ್ಯ. ಅಷ್ಟರಲ್ಲಿ ಅಂಕಲ್ಲಿಗೆ ಆ ಹೆಂಗಸು ಅಕ್ಕ ಆಗಿಬಿಟ್ಟಿದ್ದಳು. ಚಿಕ್ಕ ಎಲೆಗಳೆಲ್ಲ ಮುಗಿದು, ದೊಡ್ಡವು ಇನ್ನೇನು ಬರಬೇಕು, ಅಕ್ಕ ಬ್ರೇಕ್‌ಗೆ ಎದ್ದಳು. ಅಂಕಲ್ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

“ಅಂಕಲ್, ಈಗ ಬೇಡ! ಈಗಲೇ ಆಡಬೇಕು!”

“ಮನಿಯಾಕಿ ಎದ್ದು ಹೋದ ಮ್ಯಾಲ ನಾವ್ ಕುಂತಿರೂದು ಮರ್ಯಾದಿ ಅಲ್ಲ. ಬಾ, ಚಹಾ ಕುಡಿಯೂಣು.”

ನನ್ನ ದೊಡ್ಡ ಎಲೆಗಳೆಲ್ಲ ಪಕ್ಕದಲ್ಲಿ ಕೂತಿದ್ದ ಯಾರೋ ಅಜ್ಜಿಗೆ ಬಂದವು. ಆ ಚಹಾಕ್ಕೆ ಸಕ್ಕರೆಯೂ ಇರಲಿಲ್ಲ.

೩. ಹೋಳಿಗೆ ಊಟ

ಮರ್ಫಿ ಎಂಬ ಊರಿನಲ್ಲಿ ಅಂಕಲ್ ಹೊಸ ಮನೆ ತಗೊಂಡರು. ಗೃಹಪ್ರವೇಶಕ್ಕೆ ಡೀಲರ್ ಅಕ್ಕನನ್ನು ಕರೆದರು. ಅಕ್ಕನನ್ನು ಕರೆಯುವಾಗ ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದನಂತೆ. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವುದು ಹೇಗೆ? ಅವನನ್ನೂ ಕರೆದರು. ಇಬ್ಬರೂ ಬಂದರು!

ನಾನು ತಪ್ಪಿಸಿಕೊಳ್ಳಲು ಅಡುಗೆಮನೆಗೆ ನುಗ್ಗುವಷ್ಟರಲ್ಲಿ ಅಂಕಲ್ ಹಿಡಿದು ತಂದು ಪರಿಚಯಕ್ಕೆ ನಿಲ್ಲಿಸಿದರು. ನಮ್ಮಲ್ಲಿ ಪರಿಚಯ ಅಂದರೆ ಹೊಗಳಬೇಕಲ್ಲ! ಮೈಸೂರಿನ ಹುಡುಗ ಅಂದರು, ದೊಡ್ಡ ಕಂಪನಿ ಅಂದರು. ಹೊಗಳಿದ್ದು ಸಾಲಲಿಲ್ಲವೋ ಏನೋ, ಕೊನೆಗೆ ನನ್ನ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಸಾರಿದರು: “ನಿಮ್ಮ ಮೇಜಿನ ಒಂದೊಂದು ಎಲೆಯ ಲೆಕ್ಕವೂ ಇವನ ತಲೆಯಲ್ಲಿರುತ್ತದೆ. ಅಂಥ ಬುದ್ಧಿವಂತ!”

ಮ್ಯಾನೇಜರ್ ಹೋಳಿಗೆ ಅಗಿಯುತ್ತಲೇ ನನ್ನನ್ನು ನೋಡಿ ನಕ್ಕ.

ಮುಂದಿನ ಶನಿವಾರ ನಾನು ಕುರ್ಚಿ ಎಳೆಯುವ ಮೊದಲೇ ಆತ ಬಂದ. “ಊಟ ತುಂಬಾ ಚೆನ್ನಾಗಿತ್ತು. ಇನ್ನು ಮೇಲೆ ನೀವು ಇಲ್ಲಿ ಬ್ಲ್ಯಾಕ್‌ಜಾಕ್ ಆಡುವಂತಿಲ್ಲ.”

ಅಂಕಲ್ ಗಾಬರಿಯಾದರು. “ಹಾಗಾದರೆ ನಾನು?”

ಒಂದು ಆಟ ಗೆದ್ದರೆ ಹತ್ತು ಸೋತು ನಗುತ್ತಾ ಏಳುವ ಅವರ ಹೆಗಲ ಮೇಲೆ ಮ್ಯಾನೇಜರ್ ಕೈ ಹಾಕಿದ. “ನೀವು ದಿನಾ ಬನ್ನಿ, ಅಂಕಲ್!”

ಅಂಕಲ್ ಅಕ್ಕನ ಎದುರು ಆರಾಮಾಗಿ ಕೂತು, ನಿಂತೇ ಇದ್ದ ನನ್ನ ಕಡೆ ತಿರುಗಿದರು: “ನೋಡಿದ್ಯಾ ತಮ್ಮಾ, ನೀ ಬರೇ ಎಲಿ ನೋಡಿದಿ, ಮಂದಿ ಮಾರಿ ನೋಡ್ಲಿಲ್ಲ. ಇರ್ಲಿ, ಚಿಂತಿ ಮಾಡಬ್ಯಾಡ. ಇವರಿಗೆ ನಿನ್ನ ಬಗ್ಗೆ ನಾ ಇನ್ನೊಮ್ಮೆ ಹೇಳಿ ನೋಡ್ತೀನಿ.”