ನಳದಲ್ಲಿ ಬಂದ ಶಾಂತಿ

ಹಾಲು ಉಕ್ಕಿತು ಎಂದು ನಾನು ಕೂಗಿದರೂ ನಮ್ಮ ಮನೆಯವರು ಎದ್ದುಬಂದು ಒಲೆ ನೋಡಿದ ಮೇಲೆಯೇ ನಂಬುವುದು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಇಪ್ಪತ್ತೆಂಟು ವರ್ಷಗಳಿಂದ “ಐದ ನಿಮಿಷದಾಗ ಹೊರಡ್ತೇನ್ರಿ” ಎಂದು ಹೇಳಿ, ನೆರಿಗೆ ಸರಿಮಾಡಿಕೊಳ್ಳುತ್ತ ಮುಕ್ಕಾಲು ಗಂಟೆ ಕಾಯಿಸಿದವಳ ಮಾತಿಗೆ ಎಷ್ಟು ತೂಕ ಉಳಿದೀತು? ಸಾಲದ್ದಕ್ಕೆ, ನಿಜ ಹೇಳಬೇಕು, ಅದನ್ನೂ ಮೆಲ್ಲಗೆ ಹೇಳಬೇಕು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿಬಿಟ್ಟರು. ಮೆಲ್ಲಗೆ ಹೇಳಿದ ನಿಜ ನಮ್ಮ ಮನೆಯ ಮಿಕ್ಸರಿನ ಸದ್ದನ್ನೇ ದಾಟುವುದಿಲ್ಲ. ಟೀವಿಯ ಎದುರು ಅದರ ಪಾಡೇನು!

ಆ ವಾರ ಟೀವಿಯಲ್ಲಿ ಯುದ್ಧ ನಡೆದಿತ್ತು. ಗಡಿಯಲ್ಲಿ ಇನ್ನೂ ಶುರುವಾಗಿರಲಿಲ್ಲ, ನಮ್ಮ ಪಡಸಾಲೆಯಲ್ಲಿ ಮಾತ್ರ ಸಂಜೆ ಏಳರಿಂದಲೇ ಜೋರು. ಭಾನುವಾರ ಮಗಳ ಕುಬಸ, ಅಂದರೆ ಸೀಮಂತ. ಏಳು ತಿಂಗಳ ಬಸುರಿ, ಹಸಿರು ಸೀರೆಗೆ ಫಾಲ್ ಹಚ್ಚಿಸಿಕೊಂಡು ದಿನ ಎಣಿಸುತ್ತಿದ್ದಳು. ನಮ್ಮ ಅತ್ತೆ ಮಾತ್ರ, “ಯುದ್ಧ ಹತ್ತೂ ಹೊತ್ತಿನ್ಯಾಗ ಎಂಥಾ ಕುಬಸ? ಮುಂದ ಹಾಕೂಣು,” ಎಂದು ಪಟ್ಟು ಹಿಡಿದರು.

“ಕುಬಸ ಮುಂದ ಹಾಕಬಹುದ್ರಿ ಅತ್ತಿ, ಹೊಟ್ಟಿ ಹೆಂಗ ಮುಂದ ಹಾಕೂದು? ಯುದ್ಧ ಏನೂ ಆಗಂಗಿಲ್ಲ ಬಿಡ್ರಿ,” ಎಂದೆ.

“ನಿನಗೇನ ತಿಳೀತದ?” ಎಂದರು ಇವರು. “ಟೀವಿಯಾಂವ ಕೋಟ್ ಹಾಕ್ಕೊಂಡು ಸುಳ್ಳ ಹೇಳ್ತಾನೇನ?”

ತಾರಿಹಾಳದ ವರ್ಕ್‌ಶಾಪಿನಲ್ಲಿ ಒಂದು ನಟ್ಟನ್ನು ಮೂರು ಸಲ ಅಳೆಯುವ ಮನುಷ್ಯ ಇವರು. ಆ ಕೋಟಿನವನನ್ನು ಮಾತ್ರ ಒಂದು ಸಲವೂ ಅಳೆದು ನೋಡಲಿಲ್ಲ.

ಮಂಗಳವಾರ ಸಂಜೆ ಓಣಿಯ ತುದಿಯಲ್ಲಿ ಸಭೆಯಾಯಿತು. ವಾರ್ಡಿನ ಮುಖಂಡರು ಮೈಕು ಹಿಡಿದು, “ಗಡಿಗೆ ಹೋಗೂದಾದ್ರ ಮೊದಲನೇ ಹೆಜ್ಜಿ ನಂದು!” ಎಂದು ಗುಡುಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ, “ನಮ್ಮ ಓಣಿ ಗಟಾರ ದಾಟಿ ಬರಾಕ ಮೂರು ವರ್ಷ ಆತು ಅವಂಗ, ಗಡಿ ದಾಟ್ತಾನಂತ,” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ವೇದಿಕೆಯ ಮೂಲೆಯಲ್ಲಿ ನಿವೃತ್ತ ಸುಬೇದಾರರೊಬ್ಬರನ್ನು ಶಾಲು ಹೊದಿಸಿ ಕೂರಿಸಿದ್ದರು. ಭಾಷಣಕಾರರೆಲ್ಲ ಅವರತ್ತ ಕೈತೋರಿಸಿ ಅಬ್ಬರಿಸಿದರು. ಅವರು ಶಾಲಿನ ಮೇಲಿನ ಬೆಲೆಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕೀಳುತ್ತಿದ್ದರು. ಯುದ್ಧ ಕಂಡವರು ಅಲ್ಲಿ ಅವರೊಬ್ಬರೇ. ಮೈಕು ಸಿಗದವರೂ ಅವರೊಬ್ಬರೇ.

ಮನೆಗೆ ಬರುವ ದಾರಿಯಲ್ಲಿ ನಾನು ಸಿಸ್ಟರ್‌ಗಳ ಪಾಠ ಮುರಿದೆ. “ನೀರು ಬಿಡೋ ಮಲ್ಲಪ್ಪ ಸಿಕ್ಕಿದ್ದನ್ರಿ ಅತ್ತಿ. ಯುದ್ಧ ಆಗಂಗಿಲ್ಲ ಅಂದಾ.”

ಅತ್ತೆ ನಿಂತುಬಿಟ್ಟರು. “ಮಲ್ಲಪ್ಪ ಅಂದ್ನಾ? ಹಂಗಾರ ಕುಬಸ ಮಾಡೂಣು.”

ಇದು ಹುಬ್ಬಳ್ಳಿಯಲ್ಲಿ ನೀರು ಹಿಡಿದವರಿಗೆ ಮಾತ್ರ ಅರ್ಥವಾದೀತು. ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ, ನಾಳೆಯ ಬಗ್ಗೆ ಹೇಳಿದ್ದನ್ನು ನಿಜ ಮಾಡಿ ತೋರಿಸಿದ ಮನುಷ್ಯ ಅವನೊಬ್ಬನೇ. ಗುರುವಾರ ಐದಕ್ಕೆ ಎಂದರೆ ಗುರುವಾರ ಐದಕ್ಕೆ. ಅಂಥವನಿಗೆ ಯುದ್ಧದ ಸುದ್ದಿ ತಿಳಿದಿರಲಾರದೇ?

ಮರುದಿನ ಮಧ್ಯಾಹ್ನದೊಳಗೆ ಅತ್ತೆಯ ಕೃಪೆಯಿಂದ ಸುದ್ದಿ ಓಣಿಯೆಲ್ಲ ಹಬ್ಬಿತು. ಸಂಜೆ ಮಲ್ಲಪ್ಪನೇ ವಾಲ್ವ್ ತಿರುಗಿಸುವ ಕಬ್ಬಿಣದ ಸಲಾಕೆ ಹಿಡಿದು ಬಾಗಿಲಲ್ಲಿ ನಿಂತ.

“ಅಕ್ಕಾರ, ಮಂದಿ ನನಗ ಯುದ್ಧದ ಸುದ್ದಿ ಕೇಳಾಕತ್ತಾರ್ರಿ. ನಾ ಏನ ಹೇಳ್ಲಿ?”

“ಏನೂ ಹೇಳಬ್ಯಾಡಪ್ಪಾ. ನಾಳೆ ಐದಕ್ಕ ನೀರ ಬಿಡು ಸಾಕು.”

“ಬಿಡ್ತೇನ್ರಿ, ಮ್ಯಾಲ ಪೈಪ್ ಒಡೀಲಿಲ್ಲಂದ್ರ.”

ಗುರುವಾರ ಐದಾಯಿತು. ನೀರಿಲ್ಲ. ಐದೂಕಾಲು, ಇಲ್ಲ. ಅತ್ತೆ ಖಾಲಿ ಕೊಡದ ಮೇಲೆ ಕೈಯಿಟ್ಟುಕೊಂಡು, “ನೀರಿನ ಮಾತು ಸುಳ್ಳಾತು ಅಂದ್ರ ಯುದ್ಧದ್ದೂ ಸುಳ್ಳ. ಬೀಗರಿಗೆ ಫೋನ್ ಹಚ್ಚಿ ಕುಬಸ ಬ್ಯಾಡ ಅಂತ ಹೇಳಿಬಿಡು,” ಎಂದರು. ಒಳಗೆ ಮಗಳು ಹಸಿರು ಸೀರೆಯನ್ನು ಮಡಚಿ ಕಪಾಟಿನಲ್ಲಿ ಇಡುತ್ತಿದ್ದಳು. ದೇಶದ ಶಾಂತಿಗಾಗಿ ನಾನು ಅಷ್ಟು ಭಕ್ತಿಯಿಂದ ಎಂದೂ ಪ್ರಾರ್ಥಿಸಿದವಳಲ್ಲ, ಅದೂ ನಳದ ಮುಂದೆ ಕುಕ್ಕರುಗಾಲಲ್ಲಿ ಕೂತು. ಐದೂವರೆಗೆ ನಳ ಕೆಮ್ಮಿತು, ಬುಸ್ಸೆಂದಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಗಿ ಸುರಿಯಿತು. “ಖರೇ ಮನಶ್ಯಾ ನೋಡ,” ಎಂದರು ಅತ್ತೆ.

ಕುಬಸ ಛಲೋ ಆಯಿತು. ಅಷ್ಟರಲ್ಲಿ ಟೀವಿಯ ಕೋಟು ಟೊಮೆಟೊ ದರದ ಮೇಲೆ ಕೂಗಾಡುತ್ತಿತ್ತು. ಬೀಗರ ಮುಂದೆಯೂ ಮಲ್ಲಪ್ಪನ ಗುಣಗಾನ ನಡೆದಾಗ ನನಗೆ ತಡೆಯಲಾಗಲಿಲ್ಲ. ಅವರು ಹೋದ ಮೇಲೆ, “ಯುದ್ಧ ಆಗಂಗಿಲ್ಲ ಅಂತ ಹೇಳಿದಾಕಿ ನಾನ ರಿ. ಮಲ್ಲಪ್ಪನ ಹೆಸರ ಸುಳ್ಳ ಹೇಳಿದ್ದೆ,” ಎಂದೆ.

ಇವರು ನಕ್ಕರು. “ಪಾಪ, ಆ ಬಡವನ ಹೆಸರೂ ಕಸಗೋತೀ ಏನು?”

ಅತ್ತೆ ಶಾಂತವಾಗಿ ಹೇಳಿದರು: “ಹುಚ್ಚಿ, ನೀ ಹೇಳಿದ್ರ ನಾವು ನಂಬತಿದ್ವೇನು?”

“ಐದ ನಿಮಿಷದಾಗ ಚಹಾ ತರ್ತೇನಿ,” ಎಂದು ಎದ್ದೆ. ಇವರು ಪೇಪರು ಬಿಡಿಸಿಕೊಂಡು ಕಾಲು ಚಾಚಿದರು. ಅತ್ತೆ ದಿಂಬು ಸರಿಮಾಡಿಕೊಂಡು ಮಲಗಿಯೇಬಿಟ್ಟರು.