ಮುಖಪುಟದ ಮೇಷ್ಟ್ರು

ಎಲ್ಲಕ್ಕೂ ಕಾರಣ, ಬದರೀನಾರಾಯಣರು ಆವತ್ತು ಯೋಚನೆ ಮಾಡಿದ್ದು.

ನಂಜನಗೂಡಿನ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುವ ಅವರು ಯೋಚನೆ ಮಾಡುವವರೇ ಅಲ್ಲ ಎಂದಲ್ಲ. ಕ್ಯಾಮೆರಾದ ಎದುರು ಮಾಡಿದ್ದು ಮಾತ್ರ ಅದೇ ಮೊದಲು. ಹೋದ ತಿಂಗಳು ಸೋಮನಾಥಪುರದ ದೇವಸ್ಥಾನದ ಜಗಲಿಯಲ್ಲಿ ಕೂತು, ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಜುಟ್ಟು ಕಟ್ಟಿದ ಯುವಕನೊಬ್ಬ ಬಂದು ನಿಂತ.

"ಸಾರ್, ನಾನು ಅನಿಕೇತ್ ಅಂತ. 'ಸುಖನಿವಾಸ' ಮಾಸಪತ್ರಿಕೆಗೆ ಮುಖಪುಟ ಮಾಡೋನು. ನಿಮ್ಮ ಮುಖ ತುಂಬಾ ಚೆನ್ನಾಗಿದೆ. ಮುಖಪುಟಕ್ಕೆ ಒಂದು ಫೋಟೋ ತಗೊಳ್ಳಲಾ?"

ಐವತ್ತು ದಾಟಿದ ಬದುಕಿನಲ್ಲಿ ಬದರೀನಾರಾಯಣರ ಮುಖ ಚೆನ್ನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಹೆಂಡತಿ ರಂಜನಿಗೆ ಹಾಗೆ ಹೇಳುವ ಸಂದರ್ಭವೇ ಒದಗಿ ಬಂದಿರಲಿಲ್ಲ. "ಧಾರಾಳವಾಗಿ ತಗೊಳ್ಳಿ, ಎಲ್ಲಿ ಬೇಕಾದ್ರೂ ಹಾಕ್ಕೊಳ್ಳಿ" ಎಂದುಬಿಟ್ಟರು.

"ನಗಬೇಡಿ ಸಾರ್. ಏನೋ ಆಳವಾಗಿ ಯೋಚ್ನೆ ಮಾಡ್ತಿರೋ ಹಾಗೆ... ಇನ್ನೂ ಸ್ವಲ್ಪ... ಒಳಗಿಂದ ಬರ್ಬೇಕು ಸಾರ್, ಒಳಗಿಂದ!"

ಬದರೀನಾರಾಯಣರು ಗದ್ದಕ್ಕೆ ಕೈಕೊಟ್ಟು, ಹುಬ್ಬು ಗಂಟಿಕ್ಕಿ, ತುಟಿ ಬಿಗಿಹಿಡಿದು ಹೊಯ್ಸಳ ಸಾಮ್ರಾಜ್ಯದ ಪತನದ ಬಗ್ಗೆ ಯೋಚಿಸಿದರು. ಅನಿಕೇತ್ "ಸೂಪರ್" ಎಂದು ಕೈಕುಲುಕಿ ಹೊರಟುಹೋದ. ಬೆನ್ನ ಹಿಂದೆ ದೇವಸ್ಥಾನ ಇದ್ದುದರಿಂದ ಇದು ಶಿಲ್ಪಕಲೆಯ ವಿಶೇಷಾಂಕ ಎಂದು ಮೇಷ್ಟ್ರು ತಾವೇ ತೀರ್ಮಾನ ಮಾಡಿಕೊಂಡರು. ತೀರ್ಮಾನ ಮಾಡಿಕೊಂಡಿದ್ದನ್ನು ಬೀದಿಗೆಲ್ಲ ಹೇಳಿದರು.

ಸುದ್ದಿ ಟಿ. ನರಸೀಪುರಕ್ಕೂ ಮುಟ್ಟಿತು. ಅಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಗಂಗಾಧರಸ್ವಾಮಿಯವರು ಒಂದು ಸಾಂಸ್ಕೃತಿಕ ಬಳಗದ ಅಧ್ಯಕ್ಷರು. ಬದರೀನಾರಾಯಣರು ಇಪ್ಪತ್ತು ವರ್ಷಗಳಿಂದ ಆ ಬಳಗದ ಸಮಾರಂಭಗಳಿಗೆ ಹೋಗುತ್ತಿದ್ದರು, ಆದರೆ ವಂದನಾರ್ಪಣೆಗೆ ಮಾತ್ರ. ಜನ ಕುರ್ಚಿ ಮಡಚುವ ಹೊತ್ತಿಗೆ ಎದ್ದು ಮೈಕಿನವನಿಂದ ಹಿಡಿದು ಶಾಮಿಯಾನದವನವರೆಗೆ ಎಲ್ಲರಿಗೂ ವಂದಿಸುವುದು ಅವರ ಕೆಲಸ. ಉಪನ್ಯಾಸ ಕೊಡಿ ಎಂದು ಒಬ್ಬರೂ ಕರೆದಿರಲಿಲ್ಲ. ಈಗ ಗಂಗಾಧರಸ್ವಾಮಿಯವರೇ ಫೋನ್ ಮಾಡಿ, "ಮುಖಪುಟದಲ್ಲಿ ಬರೋರನ್ನ ಇನ್ನು ವಂದನಾರ್ಪಣೆಗೆ ನಿಲ್ಸಕ್ಕಾಯ್ತದಾ ಸಾ? ಈ ಸಲ ಮುಖ್ಯ ಭಾಷಣ ನಿಮ್ದೇ. ಹೊಯ್ಸಳ ಶಿಲ್ಪದ ಮೇಲೆ. ಸನ್ಮಾನಾನೂ ಮಾಡ್ತೀವಿ" ಎಂದರು. ಆ ದಿನದಿಂದ ಮೇಷ್ಟ್ರು ಸ್ನಾನದ ಮನೆಯಲ್ಲೂ ಭಾಷಣದ ತಾಲೀಮು ನಡೆಸಿದ್ದರು.

ಸಮಾರಂಭದ ದಿನ ಬೆಳಗ್ಗೆ ಪಕ್ಕದ ಮನೆಯ ಭಾಗೀರಥಮ್ಮ ಒಂದು ಕೈಯಲ್ಲಿ ರಸಬಾಳೆಯ ಚಿಪ್ಪು, ಇನ್ನೊಂದು ಕೈಯಲ್ಲಿ ಎದೆಗವಚಿಕೊಂಡ 'ಸುಖನಿವಾಸ' ಹಿಡಿದು ಒಳಗೆ ಬಂದರು. ಅವರು ಆ ಪತ್ರಿಕೆಯ ಹಳೆಯ ಚಂದಾದಾರರು.

"ಬದರಿ, ಮನೆಯವರ ಹತ್ರಾನೂ ಹೇಳ್ಕೊಳ್ಳಕ್ಕಾಗದ್ದನ್ನ ಊರಿಗೇ ಹೇಳ್ಕೊಂಡ್ಬಿಟ್ಟೆಯಲ್ಲಪ್ಪ!" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮೇಷ್ಟ್ರು ಪತ್ರಿಕೆ ಇಸಿದುಕೊಂಡು ನೋಡಿದರು. ಮುಖಪುಟದ ತುಂಬ ಅವರದೇ ಮುಖ. ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ಹಣೆಯ ಮೇಲಿನ ಬೆವರು, ಎಲ್ಲವೂ ಸ್ಪಷ್ಟ. ದೇವಸ್ಥಾನವನ್ನು ಪೂರ್ತಿ ಕತ್ತರಿಸಿ ಹಾಕಿದ್ದರು. ಕೂತಿದ್ದ ಜಗಲಿಯೂ ಹೋಗಿತ್ತು. ಮನುಷ್ಯ ಕೂತಿದ್ದಾನೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಯಾವುದರ ಮೇಲೆ ಎಂಬುದನ್ನು ಓದುಗರ ಕಲ್ಪನೆಗೆ ಬಿಡಲಾಗಿತ್ತು. ಅಡಿಯಲ್ಲಿ ಕೆಂಪು ದಪ್ಪಕ್ಷರ: 'ಮಲಬದ್ಧತೆ ವಿಶೇಷಾಂಕ'.

"ಒಳಗೆ... ಒಳಗೆ ಏನಾದ್ರೂ ನನ್ನ ಹೆಸರು ಹಾಕಿದಾರಾ?"

"ಒಳಗೆ ಯಾರು ನೋಡಿದ್ರಪ್ಪ? ಇದನ್ನ ನೋಡಿದ್ಮೇಲೆ ಪುಟ ತಿರುಗ್ಸಕ್ಕೇ ಮನಸ್ಸು ಬರ್ಲಿಲ್ಲ. ಹಣ್ಣು ತಂದೆ. ರಾತ್ರಿ ಎರಡು, ಬೆಳಗ್ಗೆ ಎರಡು ತಿನ್ನು."

ರಂಜನಿ ಮುಖಪುಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಫೋಟೋ ಏನೋ ಚೆನ್ನಾಗೇ ಬಂದಿದೆ. ದಿನಾ ಬೆಳಗ್ಗೆ ನಾನು ನೋಡೋ ಮುಖಾನೇ" ಎಂದರು.

ಬದರೀನಾರಾಯಣರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನಾಚಿಕೆಯಿಂದ ಕಿವಿಯ ತುದಿವರೆಗೂ ಬಿಸಿಯೇರಿತು. ಹಾಳಾದವನು ಹೊಯ್ಸಳರ ಪತನವನ್ನು ಎಲ್ಲಿಗೆ ತಂದಿಟ್ಟ! ನಂಜನಗೂಡಿನ ಕತೆ ಹೇಗೋ ಆಗಲಿ. ಸಂಜೆ ನರಸೀಪುರದಲ್ಲಿ ಈ ಮುಖ ಹೊತ್ತುಕೊಂಡು ವೇದಿಕೆ ಹತ್ತಬೇಕಲ್ಲ? ಅಲ್ಲಿಯವರು ಇದನ್ನು ನೋಡಿಬಿಟ್ಟರೆ ಜೀವನದ ಮೊದಲ ಭಾಷಣಕ್ಕೆ ಎಳ್ಳುನೀರು. ನೋಡದಿದ್ದರೆ? ಎರಡು ಊರಲ್ಲೂ ಒಂದೇ ಒಂದು ಪ್ರತಿ ಉಳಿಯದಿದ್ದರೆ? ಮೇಷ್ಟ್ರು ಮನೆಯಲ್ಲಿದ್ದ ಅತಿ ದೊಡ್ಡ ಬಟ್ಟೆ ಚೀಲ ಹುಡುಕಿ, ಭಾಷಣದ ಹಾಳೆ ಜೇಬಿಗೆ ಹಾಕಿಕೊಂಡು ಹೊರಟರು.

ಬಸ್ ಸ್ಟ್ಯಾಂಡಿನ ಪತ್ರಿಕೆ ಅಂಗಡಿಯ ನಂಜುಂಡೇಶ್ ದಾರ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಪತ್ರಿಕೆಗಳನ್ನು ನೇತುಹಾಕಿದ್ದ. ಅಷ್ಟು ಬಣ್ಣಗಳ ನಡುವೆ ಮೇಷ್ಟ್ರ ಮುಖ ರಸ್ತೆಯ ಆಚೆಯಿಂದಲೇ ಎದ್ದು ಕಾಣುತ್ತಿತ್ತು. ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು. ಒಬ್ಬನಂತೂ ಅದನ್ನು ನೋಡುತ್ತ ನೋಡುತ್ತ ತಾನೂ ಹುಬ್ಬು ಗಂಟಿಕ್ಕಿದ್ದ.

"ಬನ್ನಿ ಸಾ, ಬನ್ನಿ!" ಎಂದು ನಂಜುಂಡೇಶ್ ಕೂಗಿದ. "ಏನ್ ಕಳೆ ಸಾ ನಿಮ್ ಮುಖ್ದಲ್ಲಿ! ಸಿನಿಮಾ ಹೀರೋಯಿನ್ ಆಕುದ್ರೂ ಜನ ಇಂಗೆ ನಿಂತ್ಕಂಡ್ ನೋಡಕ್ಕಿಲ್ಲ. ಕಷ್ಟ ಅಂದ್ರೆ ಎಲ್ಲಾರ್ಗೂ ತಮ್ದೇ ಅನ್ನುಸ್ತದೆ."

"ಮೆಲ್ಲಗೆ ಕಣಯ್ಯಾ. ಎಷ್ಟಿದೆಯೋ ಅಷ್ಟೂ ಕಟ್ಟು."

"ಅಷ್ಟೂವಾ?"

"ಅಷ್ಟೂ. ನೇತುಹಾಕಿರೋದೂ ಸೇರಿಸಿ."

ನಂಜುಂಡೇಶ್ ಮೆಚ್ಚುಗೆಯಿಂದ ತಲೆದೂಗುತ್ತ ಕಟ್ಟಿಕೊಟ್ಟ. "ನೆಂಟರಿಷ್ಟರಿಗೆ ಅಂಚಕ್ಕಾ ಸಾ? ಅಂಚಿ, ಅಂಚಿ. ಇಂತಾವೆಲ್ಲ ಮುಚ್ಚಿಡಬಾರ್ದು" ಎಂದ. ಮೇಷ್ಟ್ರು ಬಸ್ಸಿನ ಕಡೆ ಓಡುತ್ತಿದ್ದಂತೆ ಅವನು ನರಸೀಪುರದಲ್ಲಿ ಇದೇ ವ್ಯಾಪಾರ ಮಾಡುವ ಸೋದರಮಾವ ಬಸವಯ್ಯನಿಗೆ ಫೋನ್ ಹಚ್ಚಿದ್ದು ಅವರಿಗೆ ಕಾಣಲಿಲ್ಲ. "ಮಾವ, 'ಸುಖನಿವಾಸ' ಅಂಗಡಿ ಮುಂದ್ಕೆ ನೇತಾಕು. ನಂದು ಅಷ್ಟೂ ಕಾಲಿ ಆಗೋಯ್ತು!"

ಬಸ್ಸು ತುಂಬಿತ್ತು. ಮೇಷ್ಟ್ರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕರ್ಚೀಫಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತರು. ಪಕ್ಕದಲ್ಲಿ ಚಿಕ್ಕಯ್ಯನಛತ್ರದ ಮಲ್ಲಾಜಮ್ಮ, ಮಗಳ ಮನೆಗೆ ಅವರೆಕಾಯಿ ಹೊತ್ತು ಹೊರಟಿದ್ದ ಹೆಂಗಸು. ರಸ್ತೆಯ ಮೊದಲನೆಯ ಹಂಪು ಬಂದಾಗ ಚೀಲದ ಒಂದು ಕಿವಿ ಕಿತ್ತುಬಂತು. ಎರಡನೆಯ ಹಂಪಿಗೆ ಬದರೀನಾರಾಯಣರ ಮುಖಗಳು ಡ್ರೈವರನ ಸೀಟಿನಿಂದ ಹಿಂದಿನ ಬಾಗಿಲಿನವರೆಗೆ ಚೆಲ್ಲಾಡಿದವು.

ಎಲ್ಲರೂ ಬಗ್ಗಿ ಆರಿಸಿಕೊಟ್ಟರು. ಆರಿಸಿಕೊಡುವಾಗ ಮುಖಪುಟ ನೋಡಿದರು, ಆಮೇಲೆ ಮೇಷ್ಟ್ರನ್ನು ನೋಡಿದರು. ಆರಿಸುವ ಗಡಿಬಿಡಿಯಲ್ಲಿ ಕರ್ಚೀಫು ಜಾರಿಹೋಗಿತ್ತು.

"ಅಯ್ಯೋ ಸ್ವಾಮಿ, ನಿಮ್ದೇ ಪಟ ಅಲ್ವಾ ಇದು!" ಎಂದಳು ಮಲ್ಲಾಜಮ್ಮ, ಇಡೀ ಬಸ್ಸಿಗೆ ಕೇಳುವಂತೆ. "ನಮ್ಮೆಜಮಾನ್ರಿಗೂ ಇಂಗೇ ಆಗಿತ್ತು. ವಸಿ ಅಳ್ಳೆಣ್ಣೆ ಬಿಸಿನೀರ್ಗೆ ಆಕ್ಕಂಡ್ ಕುಡೀರಿ. ಕಂಡಕ್ಟ್ರಣ್ಣಾ, ಈ ಸ್ವಾಮ್ಗೆ ಬಾಗ್ಲತ್ರ ಜಾಗ ಮಾಡ್ಕೊಡಣ್ಣೋ, ಯಾವಾಗ ಏನ್ ಬೇಕಾಯ್ತದೋ!"

ಕಂಡಕ್ಟರ್ ನಿಜವಾಗಿಯೂ ಬಾಗಿಲ ಬಳಿಯ ಸೀಟು ಬಿಡಿಸಿಕೊಟ್ಟ. ದಾರಿಯಲ್ಲಿ ಎರಡು ಕಡೆ ಬಸ್ಸು ನಿಲ್ಲಿಸಿ, "ಇಳೀತೀರಾ ಸಾ?" ಎಂದು ಪ್ರೀತಿಯಿಂದ ವಿಚಾರಿಸಿದ. ಬದರೀನಾರಾಯಣರು ತಲೆಯೆತ್ತದೆ ಅವಮಾನವನ್ನು ನುಂಗಿಕೊಂಡು ಕೂತರು.

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಅಲ್ಲೇ ಕಂಬ ಹಿಡಿದುಕೊಂಡರು. ಬಸವಯ್ಯ ಉಳಿದೆಲ್ಲ ಪತ್ರಿಕೆಗಳನ್ನೂ ಇಳಿಸಿ, ಅಂಗಡಿಯ ಮುಂದೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೇಷ್ಟ್ರನ್ನೇ ಸಾಲಾಗಿ ನೇತುಹಾಕಿದ್ದ. ಗಾಳಿಗೆ ಎಲ್ಲ ಮುಖಗಳೂ ಒಟ್ಟಿಗೆ ತಿಣುಕುತ್ತಿದ್ದವು.

"ಎಲ್ಲಾ ಕೊಡಿ" ಎಂದರು ಮೇಷ್ಟ್ರು, ಕರ್ಚೀಫಿನ ಒಳಗಿಂದ.

ಬಸವಯ್ಯ ಕ್ಲಿಪ್ಪು ಬಿಚ್ಚುತ್ತ ಅವರ ಹುಬ್ಬನ್ನೂ ಪತ್ರಿಕೆಯ ಹುಬ್ಬನ್ನೂ ಹೋಲಿಸಿ ನೋಡಿದ. "ಒಂದ್ ಪುಸ್ತಕ ಓದುದ್ರೆ ಸಾಕಾಗಕ್ಕಿಲ್ವಾ ಸಾ? ಅಷ್ಟೊಂದ್ ಬಿಗಿಯಾಗದಾ?" ಎಂದು ಮರುಕದಿಂದ ಕೇಳಿದ.

ಈಗ ಚೀಲ ಹೆಗಲು ಕೀಳುತ್ತಿತ್ತು. ಸಂಗಮಕ್ಕೆ ಹೋಗಿ ಹೊಳೆಗೆ ಸುರಿದುಬಿಡೋಣ ಎಂದುಕೊಂಡು ಹೋದರು. ಆದರೆ ಮೆಟ್ಟಿಲ ತುಂಬ ಸ್ನಾನ ಮಾಡುವ ಜನ. ಹೊಳಪಿನ ಕಾಗದ ಬೇಗ ಮುಳುಗುವುದೂ ಇಲ್ಲ. ತಮ್ಮ ಮುಖ ತೇಲುತ್ತ ಹೋಗಿ ಮುಳುಗು ಹಾಕಿ ಎದ್ದವರ ಎದುರಿಗೆಲ್ಲ ಕಾಣಿಸಿಕೊಳ್ಳುವುದನ್ನು ನೆನೆದು ಹಿಂದಕ್ಕೆ ಬಂದರು. ಕೊನೆಗೆ ಚೀಲದ ಸಮೇತವೇ ಸಂಜೆ ಕಲ್ಯಾಣ ಮಂಟಪಕ್ಕೆ ಹೋಗಿ, ಅದನ್ನು ವೇದಿಕೆಯ ಮೇಲೆ ತಮ್ಮ ಕುರ್ಚಿಯ ಕೆಳಗೆ ತಳ್ಳಿ, ಪಂಚೆ ಇಳಿಬಿಟ್ಟು ಮರೆಮಾಡಿ ಕೂತರು.

ಸಭೆ ತುಂಬಿತ್ತು. ಗಂಗಾಧರಸ್ವಾಮಿಯವರು ಮೈಕಿನ ಮುಂದೆ ಬಂದರು. "ಬಂಧುಗಳೇ, ಮುಖಪುಟದ ಮೇಷ್ಟ್ರು ನಮ್ ಮುಂದೆ ಅವ್ರೆ. ಆದ್ರೆ ಬೇಜಾರಿನ ಸಂಗ್ತಿ ಏನಪ್ಪಾ ಅಂದ್ರೆ, ಆ ಮುಖಪುಟಾನೇ ನಾನು ನೋಡಿಲ್ಲ. ಊರೆಲ್ಲ ಹುಡುಕ್ಸಿದೆ, ಒಂದು ಕಾಪಿ ಸಿಕ್ಕಿಲ್ಲ!"

ಜನ ಚಪ್ಪಾಳೆ ತಟ್ಟಿದರು. ಬದರೀನಾರಾಯಣರಿಗೆ ಬೆಳಗಿನಿಂದ ಮೊದಲ ಸಲ ಉಸಿರು ನಿರಾಳವಾಯಿತು. ಗೆದ್ದೆ ಎಂದುಕೊಂಡರು. ಜೇಬಿನಿಂದ ಭಾಷಣದ ಹಾಳೆ ತೆಗೆದು ನೀಟಾಗಿ ಬಿಡಿಸಿಕೊಂಡರು.

"ಅದಕ್ಕೇ ನಾನು ಬಿಡ್ಲಿಲ್ಲ" ಎಂದು ಗಂಗಾಧರಸ್ವಾಮಿಯವರು ಮುಂದುವರಿಸಿದರು. "ಮಧ್ಯಾಹ್ನಾನೇ ಪತ್ರಿಕೆ ಆಫೀಸ್ಗೇ ಫೋನ್ ಮಾಡ್ದೆ. ಅವ್ರು ಖುಷಿಯಾಗಿ ಮುಖಪುಟಾನ ಫ್ಲೆಕ್ಸೇ ಮಾಡ್ಸಿ, ಅದನ್ನ ಮಾಡಿದ ಕಲಾವಿದರ ಕೈಲೇ ಕಳ್ಸವ್ರೆ. ನಾನೂ ನಿಮ್ಮ ಜೊತೇಲೇ ಮೊದಲ ಸಲ ನೋಡ್ತೀನಿ. ಎಳೀರಿ ಸಾ!"

ಜುಟ್ಟಿನ ಅನಿಕೇತ್ ಕ್ಯಾಮೆರಾ ನೇತುಹಾಕಿಕೊಂಡು ಬದಿಯಿಂದ ಬಂದು ದಾರ ಎಳೆದ. ವೇದಿಕೆಯ ಹಿಂದಿನ ಬಟ್ಟೆ ಬಿತ್ತು. ಗೋಡೆಯಷ್ಟು ದೊಡ್ಡ ಬದರೀನಾರಾಯಣರು, ಒಬ್ಬ ಆಳಿನಷ್ಟು ಎತ್ತರದ 'ಮಲಬದ್ಧತೆ'ಯ ಮೇಲೆ ಗದ್ದಕ್ಕೆ ಕೈಕೊಟ್ಟು, ನರಸೀಪುರವನ್ನು ದುರುಗುಟ್ಟಿ ನೋಡಿದರು.

ಹಿಂದಿನ ಸಾಲಿನಲ್ಲಿ ಯಾರೋ "ಪಾಪ" ಎಂದರು. ಗಂಗಾಧರಸ್ವಾಮಿಯವರು ಸನ್ಮಾನದ ಹಣ್ಣಿನ ಬುಟ್ಟಿಯಿಂದ ಸೀಬೆಕಾಯಿಗಳನ್ನು ಮೆಲ್ಲಗೆ ತೆಗೆದಿಟ್ಟು, ಬಾಳೆಹಣ್ಣಷ್ಟೇ ಉಳಿಸಿ ಮೇಷ್ಟ್ರ ಕೈಗೆ ಕೊಟ್ಟರು.

ಅನಿಕೇತ್ ಮೈಕು ಹಿಡಿದ. "ಮುಖಪುಟ ಅಂದ್ರೆ ಪತ್ರಿಕೆಯ ಬಾಗಿಲು. ಒಳಗೆ ಏನಿದೆ ಅಂತ ಜನಕ್ಕೆ ಮುಖ ನೋಡಿದ ಕೂಡ್ಲೇ ಗೊತ್ತಾಗ್ಬೇಕು. ಇಷ್ಟು ವರ್ಷ ಹೂವು, ಹೀರೋಯಿನ್ನು ಎಲ್ಲಾ ಹಾಕಿದೀವಿ, ಈ ಎರಡು ಊರಲ್ಲಿ ಅರ್ಧಕ್ಕರ್ಧ ವಾಪಸ್ ಬರೋದು. ಇವತ್ತು ಮಧ್ಯಾಹ್ನದೊಳಗೆ ಎರಡೂ ಕಡೆ ಪೂರ್ತಿ ಖಾಲಿ! ಅದಕ್ಕೆ ನಮ್ಮ ಸಂಪಾದಕರು ತೀರ್ಮಾನ ಮಾಡಿದಾರೆ. ಇನ್ನು ಪ್ರತಿ ತಿಂಗಳೂ ಸಾರ್ ಅವರದೇ ಮುಖ. ಮುಂದಿನ ಸಂಚಿಕೆ ಮೂಲವ್ಯಾಧಿ. ಆಮೇಲೆ ಹುಳಿತೇಗು. ಯುಗಾದಿಗೆ ಗಜಕರ್ಣ."

ಬದರೀನಾರಾಯಣರು ಕುರ್ಚಿಯ ಕೆಳಗಿನ ಚೀಲವನ್ನು ಕಾಲಿನಿಂದ ಮುಟ್ಟಿ ನೋಡಿಕೊಂಡರು. ಇದನ್ನು ತಪ್ಪಿಸುವ ದಾರಿ ಒಂದೇ. ಜನ ಯಾರೂ ಕೊಂಡಿಲ್ಲ, ಅಷ್ಟನ್ನೂ ಕೊಂಡವನು ನಾನೇ, ಇಲ್ಲಿ ಕುರ್ಚಿಯ ಕೆಳಗಿದೆ ನೋಡಿ ಎಂದು ಹೇಳಿಬಿಡಬೇಕು. ಅವರು ಎದ್ದರು. "ನಾನು ಒಂದು ಮಾತು..." ಎಂದರು. ಸಭೆ ಕಿವಿಗೊಟ್ಟಿತು. ತಮ್ಮ ಮುಖಕ್ಕೆ ತಾವೇ ಹೆದರಿ ಚೀಲ ಹೊತ್ತು ಊರೂರು ಅಲೆದ ಕತೆಯನ್ನು ಇಷ್ಟು ಜನರ ಮುಂದೆ ಹೇಳುವುದು ಹೇಗೆ? ಮಲಬದ್ಧತೆಯಾದರೂ ದೇವರು ಕೊಟ್ಟದ್ದು ಎನ್ನಬಹುದು. ನಾಚಿಕೆಯಿಂದ ಮುಖ ಕೆಂಪಾಗಿ, ಕಣ್ಣು ಕೆಳಗಾಗಿ, ತುಟಿ ಅದುರಿ, ಕೂರಲೂ ಆಗದೆ ನಿಲ್ಲಲೂ ಆಗದೆ ಅರ್ಧ ಬಗ್ಗಿ ನಿಂತರು.

"ಹಾಗೇ ಇರಿ ಸಾರ್! ಅಲ್ಲಾಡ್ಬೇಡಿ!" ಎಂದು ಅನಿಕೇತ್ ಚೀರಿದ. ಕ್ಯಾಮೆರಾ ಚಕಚಕ ಹೊಳೆಯಿತು. "ಸೂಪರ್! ಮೂಲವ್ಯಾಧಿಗೆ ಇದಕ್ಕಿಂತ ಮುಖ ಬೇಕಾ!"

ಗಂಗಾಧರಸ್ವಾಮಿಯವರು ಬಂದು ಕಿವಿಯಲ್ಲಿ ಪಿಸುಗುಟ್ಟಿದರು. "ಭಾಷಣ ಇನ್ನೊಂದ್ ಸಲ ಇಟ್ಕಳ್ಳಾಣ ಸಾ. ನಿಮ್ಗೂ ಜಾಸ್ತಿ ಹೊತ್ತು ನಿಂತ್ಕೊಳ್ಳದು ಕಷ್ಟ. ವಂದನಾರ್ಪಣೆಗೆ ಮಾತ್ರ ಯಾರೂ ಗೊತ್ ಮಾಡಿಲ್ಲ. ನೀವೇ ಎಲ್ಡ್ ಮಾತು ಆಡ್ಬುಡಿ, ನಿಮ್ಗೆ ಅಭ್ಯಾಸ ಅದೆಯಲ್ಲ."

ಹೊಯ್ಸಳ ಶಿಲ್ಪದ ಹಾಳೆ ಮತ್ತೆ ಜೇಬಿಗೆ ಹೋಯಿತು. ಜನ ಆಗಲೇ ಕುರ್ಚಿ ಮಡಚುತ್ತಿದ್ದರು. ಬದರೀನಾರಾಯಣರು ಮೈಕಿನ ಮುಂದೆ ನಿಂತು ತಲೆಯೆತ್ತದೆ ಅಧ್ಯಕ್ಷರಿಗೆ ವಂದಿಸಿದರು, ಅನಿಕೇತನಿಗೆ ವಂದಿಸಿದರು, ಮೈಕಿನವನಿಗೂ ಶಾಮಿಯಾನದವನಿಗೂ ವಂದಿಸಿದರು. ಇಪ್ಪತ್ತು ವರ್ಷ ಪಳಗಿದ ನಾಲಿಗೆ ಅಲ್ಲಿಗೆ ನಿಲ್ಲದೆ ತನ್ನಷ್ಟಕ್ಕೆ ತಾನು ಮುಂದುವರಿಯಿತು: "ಕೊನೆಯದಾಗಿ, ಈ ಸಂಚಿಕೆಯ ಅಷ್ಟೂ ಪ್ರತಿಗಳನ್ನು ಹಣ ಕೊಟ್ಟು ಕೊಂಡು ಪ್ರೋತ್ಸಾಹಿಸಿದ ಸಹೃದಯ ಓದುಗ ಮಹಾಶಯರಿಗೆ ನನ್ನ ಅನಂತಾನಂತ ವಂದನೆಗಳು."